ಪಾಲಿಅನಿಲಿನ್ನೋ, ಪಾಲಿಪಿರೋಲೋ, ಪೆಡಾಟೋ: ಎಂಜೈಮ್ ಸೆನ್ಸರ್‌ಗೆ ಯಾವ ನ್ಯಾನೊಕಣ ತಗೋಬೇಕು

ಫೆಬ್ರುವರಿ ಬಂತಂದ್ರ ನನ್ನ ಫೋನಿಗೆ ಒಂದೇ ಪ್ರಶ್ನಿ ಬರ್ತದ. "ಅಕ್ಕಾ, ಪ್ರಾಜೆಕ್ಟಿಗೆ ಬಯೋಸೆನ್ಸರ್ ತಗೊಂಡೀನಿ, ಪಾಲಿಅನಿಲಿನ್ ಹಾಕ್ಲ್ಯೋ ಪೆಡಾಟ್ ಹಾಕ್ಲ್ಯೋ?" ಬಯೋಸೆನ್ಸರ್ ಅಂದ್ರ ಎಂಜೈಮ್ ಒಂದು ವಸ್ತು ಹಿಡಿದು ಮಾಡೋ ಬದಲಾವಣಿನ ಇಲೆಕ್ಟ್ರೋಡ್‌ನಿಂದ ಅಳಿಯೋ ಸಾಮಾನು; ಪಾಲಿಅನಿಲಿನ್, ಪಾಲಿಪಿರೋಲ್, ಪೆಡಾಟ್ ಅಂದ್ರ ಆ ಎಂಜೈಮ್ ಕೂಡಿಸೋ, ಕರೆಂಟ್ ಹರಿಸೋ ಮೂರು ಪಾಲಿಮರ್. ಕಲಬುರಗಿ ಹುಡುಗರು ಕೇಳ್ತಾರ, ಬೀದರದಾಗ ವೆಟರ್ನರಿ ಓದೋ ಹುಡುಗಿ ಹಾಲಿನಾಗ ಯೂರಿಯಾ ನೋಡಬೇಕಂತ ಕೇಳ್ಯಾಳ, ಯಾದಗಿರಿ ಕಡಿಂದ ಒಬ್ಬ ಹುಡುಗ ಹತ್ತಿ ಹೊಲದ ಕಾಲುವಿ ನೀರಿನಾಗ ಎಣ್ಣಿ ಎಷ್ಟು ಉಳದದ ನೋಡಬೇಕಂತ ಕೇಳ್ಯಾನ (ನಮ್ಮ ಕಡಿ ಹೊಲಕ್ಕ ಹೊಡಿಯೋ ಔಷಧಕ್ಕ ಎಣ್ಣಿ ಅಂತಾರ). ಎಲ್ಲಾರ ಕೈಯಾಗೂ ಒಂದೊಂದು ಪೇಪರ್ ಇರ್ತದ, ಅದರಾಗ ಒಂದು ಕಂಡಕ್ಟಿವಿಟಿ ನಂಬರ್ ಇರ್ತದ, ಯಾವ ನಂಬರ್ ದೊಡ್ಡದೋ ಅದೇ ಛಲೋ ಅಂತ ಮನಸ್ಸಿನಾಗ ಮೊದಲೇ ಆರಿಸಿಬಿಟ್ಟಿರ್ತಾರ. ನಾನು ತಿರುಗಿ ಕೇಳೋದು ಎರಡೇ ಮಾತು: ನಿಮ್ಮ ಎಂಜೈಮ್ ಯಾವ ಪಿಎಚ್‌ನಾಗ ಬದುಕ್ತದ, ಮತ್ತ ನೀವು ಅಳಿಬೇಕಾದ ಸ್ಯಾಂಪಲ್ ಏನದ. ಈ ಎರಡಕ್ಕ ಉತ್ತರ ಸಿಕ್ಕಮ್ಯಾಲ ಪಾಲಿಮರ್ ಆರಿಸೋದು ಅರ್ಧ ತಾಸಿನ ಕೆಲಸ, ಸಿಗದಿದ್ರ ಆರು ತಿಂಗಳು ಹೋದ್ರೂ ಗ್ರಾಫ್ ಬರಂಗಿಲ್ಲ.

ಪ್ರತಿಯೊಬ್ಬರಿಗೂ ಫೋನ್‌ನಾಗ ಹೇಳೋದಕ್ಕಿಂತ ಒಂದು ಕಡಿ ಬರದಿಡೋಣ ಅಂತ ಬರದೀನಿ. ನಾನು ಕಲಬುರಗಿಯೊಳಗ ಕೆಮಿಸ್ಟ್ರಿ ಕಲಸ್ತೀನಿ, ಇದರಾಗೇ ಕೆಲವರ್ಷ ಕೈ ಹಾಕೀನಿ, ಇಲ್ಲಿ ಹೇಳೋದೆಲ್ಲ ಆ ಲೆಕ್ಕದಾಗ ನೋಡ್ರಿ. ದೊಡ್ಡ ಊರಿನ ಎಸಿ ಲ್ಯಾಬ್‌ನಾಗ ಕುಂತವರಿಗೆ ಇದರಾಗಿನ ಕೆಲವು ಮಾತು ಬೇಕಾಗಂಗಿಲ್ಲ.

ಎಂಜೈಮ್ ಇಲೆಕ್ಟ್ರೋಡ್ ಹೊಸಾದೇನಲ್ಲ, 1962ರಾಗೇ ಕ್ಲಾರ್ಕ್ ಮತ್ತ ಲಯನ್ಸ್ ಇದರ ದಾರಿ ತೋರಿಸಿದ್ರು. ಕರೆಂಟ್ ಹರಿಸೋ ಪಾಲಿಮರ್ ಕಥಿ 1977ರಾಗ ಪಾಲಿಅಸಿಟಿಲಿನ್‌ದಿಂದ ಶುರು ಆಯ್ತು, ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವಾ ಮೂವರಿಗೂ 2000ದಾಗ ಕೆಮಿಸ್ಟ್ರಿ ನೊಬೆಲ್ ಬಂತು. ಇವೆರಡೂ ಕೂಡಿದ್ದು 1986ರ ಸುಮಾರು, ಸಕ್ರಿ ತಿಂದು ಹೈಡ್ರೋಜನ್ ಪೆರಾಕ್ಸೈಡ್ ಬಿಡೋ ಎಂಜೈಮ್ ಆದ ಗ್ಲೂಕೋಸ್ ಆಕ್ಸಿಡೇಸ್‌ನ ಪಾಲಿಪಿರೋಲ್ ಪದರದಾಗ ಸಿಗಿಸಿ ಇಲೆಕ್ಟ್ರೋಡ್ ಮಾಡಿದ್ರು. ಆಗಿನ ಪದ್ಧತಿಯೊಳಗ ಪಾಲಿಮರ್ ಬೆಳಿಯೋ ಹೊತ್ತಿನಾಗೇ ಎಂಜೈಮೂ ಅದೇ ಬೀಕರಿನಾಗ ಇರಬೇಕಿತ್ತು, ಅಂದ್ರ ವೋಲ್ಟೇಜ್, ಮಾನೊಮರ್, ಒಮ್ಮೊಮ್ಮೆ ಆಸಿಡ್, ಇಷ್ಟೂ ತಡಕೋಬೇಕಿತ್ತು. ನ್ಯಾನೊಕಣದ ದೊಡ್ಡ ಲಾಭ ಇಲ್ಲೇ ಅದ ನೋಡ್ರಿ. ಕಣ ಬ್ಯಾರೆ ಕಡಿ ತಯಾರಾಗ್ತದ, ತೊಳದು ಸ್ವಚ್ಛ ಆಗ್ತದ, ನೀರಿನಾಗ ತೇಲ್ತಾ ಇರ್ತದ, ಆಮ್ಯಾಲ ಎಂಜೈಮ್ ಜೋಡಿ ಸೇರ್ತದ. ಎಂಜೈಮ್ ಆ ಕಷ್ಟ ಒಂದೂ ನೋಡಂಗಿಲ್ಲ. ಮ್ಯಾಲಿಂದ ಸರ್ಫೇಸ್ ಏರಿಯಾ ಹೆಚ್ಚು, ಇಂಕಿನಂಗ ಪ್ರಿಂಟ್ ಮಾಡಾಕ ಬರ್ತದ. ಆದ್ರ ನನಗಂತೂ ಸರ್ಫೇಸ್ ಏರಿಯಾಕ್ಕಿಂತ ಎಂಜೈಮ್ ಉಳಿಯೋದೇ ದೊಡ್ಡದು.

ಕಂಡಕ್ಟಿವಿಟಿ ನಂಬರ್ ಬಗ್ಗೆ ಒಂದು ಲೆಕ್ಕ

ಇದನ್ನ ಮೊದಲು ತಲಿಯಿಂದ ತಗೀರಿ. ಇಲೆಕ್ಟ್ರೋಡ್ ಮ್ಯಾಲ ನೀವು ಹಾಕೋ ಪದರ 1 ಮೈಕ್ರಾನ್ ದಪ್ಪ ಅಂತ ಹಿಡೀರಿ, ಕಂಡಕ್ಟಿವಿಟಿ ಸೆಂಟಿಮೀಟರ್‌ಗೆ 1 ಸೀಮೆನ್ಸ್ ಅಂತ ಹಿಡೀರಿ. ಕರೆಂಟ್ ಆ ಪದರದ ಅಡ್ಡ ಹಾಯ್ದು ಇಲೆಕ್ಟ್ರೋಡ್‌ಗೆ ಹೋಗ್ತದ, ಒಂದು ಚದರ ಸೆಂಟಿಮೀಟರ್‌ಗೆ ರೆಸಿಸ್ಟೆನ್ಸ್ 0.0001 ಓಮ್ ಬರ್ತದ. ಕಂಡಕ್ಟಿವಿಟಿ ಸಾವಿರ ಪಟ್ಟು ಕಡಿಮಿ ಆದ್ರೂ 0.1 ಓಮ್, ಅಷ್ಟೇ. ನಿಮ್ಮ ಸೆನ್ಸರ್ ಕೊಡೋ ಕರೆಂಟು ಮೈಕ್ರೋಆಂಪಿಯರ್ ಲೆಕ್ಕದಾಗ ಇರ್ತದ, ಅದಕ್ಕ 0.1 ಓಮ್ ಅಡ್ಡ ಬಂದ್ರೇನು ಬರದಿದ್ರೇನು. ಖರೇ ಅಡ್ಡ ಬರೋದು ಎಂಜೈಮ್ ಎಷ್ಟು ಜೀವಂತ ಅದ, ಸಕ್ರಿ ಆ ಪದರದೊಳಗ ಎಷ್ಟು ಬೇಗ ನುಗ್ತದ, ಹೊರಗ ಬಂದ ಪೆರಾಕ್ಸೈಡ್ ಎಷ್ಟು ಬೇಗ ಇಲೆಕ್ಟ್ರೋಡ್ ಮುಟ್ತದ, ಇವು ಮೂರು. ಕಂಡಕ್ಟಿವಿಟಿ ಲೆಕ್ಕಕ್ಕ ಬರೋದು ಕರೆಂಟ್ ಪದರದ ಉದ್ದಕ್ಕೂ ಹರಿಯೋ ಡಿವೈಸ್‌ನಾಗ, ಅಂದ್ರ ಟ್ರಾನ್ಸಿಸ್ಟರ್ ನಮೂನಿ ಸೆನ್ಸರ್‌ನಾಗ, ಇಲ್ಲಾ ಬರೇ ಪಾಲಿಮರ್‌ಲಿಂದೇ ವಾಯರ್ ಎಳದಿದ್ರ. ಎಂಎಸ್ಸಿ ಪ್ರಾಜೆಕ್ಟ್‌ನಾಗ ಅದು ಕಡಿಮಿ.

ಪಾಲಿಅನಿಲಿನ್

ನಮ್ಮ ಲ್ಯಾಬ್‌ಗಳಾಗ ಎಲ್ಲಾರೂ ಮೊದಲು ಹಿಡಿಯೋದು ಇದನ್ನೇ, ಯಾಕಂದ್ರ ಸಸ್ತಾ, ಅನಿಲಿನ್ ಎಲ್ಲಾ ಕಾಲೇಜಿನಾಗೂ ಒಂದು ಬಾಟ್ಲಿ ಇದ್ದೇ ಇರ್ತದ. ಆ ಬಾಟ್ಲಿ ಒಳಗಿರೋದು ಚಾ ಬಣ್ಣ ಆಗಿದ್ರ ಹಂಗೇ ಹಾಕಬ್ಯಾಡ್ರಿ, ಡಿಸ್ಟಿಲ್ ಮಾಡಿ ಬಣ್ಣ ಇಲ್ಲದಂಗ ಆದಮ್ಯಾಲೇ ಹಾಕ್ರಿ. ಅನಿಲಿನ್ ಚರ್ಮದಿಂದಾನೇ ಒಳಗ ಹೋಗೋ ವಿಷ, ಗ್ಲೌಸ್ ಇಲ್ಲದ ಮುಟ್ಟಬ್ಯಾಡ್ರಿ, ಫ್ಯೂಮ್ ಹುಡ್ ಇಲ್ಲದ ಡಿಸ್ಟಿಲ್ ಮಾಡಬ್ಯಾಡ್ರಿ, ಇದರಾಗ ನಾನು ಯಾರಿಗೂ ಸಡಿಲ ಬಿಡಂಗಿಲ್ಲ.

ತಯಾರಿ ನೋಡಾಕೇ ಒಂದು ಖುಷಿ. 0.4 ಮೋಲಾರ್ ಅನಿಲಿನ್ ಹೈಡ್ರೋಕ್ಲೋರೈಡ್ ಒಂದು ಬೀಕರ್‌ನಾಗ, 0.5 ಮೋಲಾರ್ ಅಮೋನಿಯಂ ಪರ್‌ಸಲ್ಫೇಟ್ ಇನ್ನೊಂದರಾಗ, ಎರಡೂ ಸಮ ಸಮ ಕೂಡಿಸ್ರಿ, ಕೂಡಿದಮ್ಯಾಲ 0.2 ಮತ್ತ 0.25 ಆಗ್ತಾವ. ಮೊದಲು ಜರಾ ಹೊತ್ತು ಬರೇ ನೀರೇ ಕಾಣ್ತದ, ಏನೂ ಆಗಲಿಲ್ಲಲ್ಲಾ ಅನ್ನಿಸ್ತದ, ಅಷ್ಟರಾಗ ಒಂದು ತೆಳು ನೀಲಿ ಛಾಯಾ ಏಳ್ತದ, ನೋಡ್ತಾ ನೋಡ್ತಾ ಗಾಢ ನೀಲಿ ಆಗ್ತದ, ಬೀಕರ್ ಮುಟ್ಟಿದ್ರ ಬೆಚ್ಚಗ ಹತ್ತದ, ಕಡೀಕ ಕಡುಹಸಿರು ಕೂಡ್ತದ. ಹತ್ತು ನಿಮಿಷದಾಗ ಕೆಲಸ ಮುಗೀತು. ಇದೇ ರೆಸಿಪಿಯನ್ನ ಬ್ಯಾರೆ ಬ್ಯಾರೆ ದೇಶದಾಗ ಹಲವರ ಕಡಿ ಮಾಡಿಸಿ ಕೆಮಿಸ್ಟ್ರಿಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಪಿಎಸಿ 2002ರಾಗ ವರದಿ ಕೊಟ್ಟದ, ಕಂಡಕ್ಟಿವಿಟಿ ಸೆಂಟಿಮೀಟರ್‌ಗೆ 4.4 ಸೀಮೆನ್ಸ್ ಸರಾಸರಿ ಬಂತು. ಆದ್ರ ಹಿಂಗ ಮಾಡಿದ್ದು ಬರೇ ಪುಡಿ, ತಳಕ್ಕ ಕೂಡ್ತದ. ನ್ಯಾನೊಕಣ ಬೇಕಂದ್ರ ಕಣ ಒಂದಕ್ಕೊಂದು ಅಂಟದಂಗ ಹಿಡಿಯೋ ಒಂದು ಸಾಬೂನಿನಂಥಾದ್ದು ಬೇಕು, ಡೋಡೆಸಿಲ್‌ಬೆಂಜೀನ್ ಸಲ್ಫೋನಿಕ್ ಆಸಿಡ್ ಅಂತ ಬರ್ತದ, ಅಂದ್ರ ಡಿಬಿಎಸ್‌ಎ, ಅದೇ ಡೋಪಂಟೂ (ಪಾಲಿಮರ್ ಕರೆಂಟ್ ಹರಿಸೋವಂಗ ಮಾಡೋದು) ಆಗ್ತದ ಅದೇ ಕಣ ತೇಲಿಸೋದೂ ಮಾಡ್ತದ. ಡಬ್ಲಿನ್ ಸಿಟಿ ಯೂನಿವರ್ಸಿಟಿಯವರು ಇಂಥಾ ಕಣಾನೇ ಇಂಕ್‌ಜೆಟ್ ಪ್ರಿಂಟರ್‌ನಾಗ ಹಾಕಿ ಇಲೆಕ್ಟ್ರೋಡ್ ಮ್ಯಾಲ ಪ್ರಿಂಟ್ ಮಾಡ್ಯಾರ. ಆಮ್ಯಾಲ ಡಯಾಲಿಸಿಸ್ ಚೀಲದಾಗ ಹಾಕಿ ಒಂದೆರಡು ದಿನ ನೀರು ಬದಲಿಸ್ತಾ ಕುಂದರಬೇಕು. ಈ ತೊಳಿಯೋದರಾಗ ಅವಸರ ಮಾಡಿದವರ ಸೆನ್ಸರ್ ನಾನು ನೋಡೀನಿ, ಉಳದ ಸಾಬೂನು ಎಂಜೈಮ್‌ನ ಬಿಚ್ಚಿ ಹಾಕ್ತದ, ಉಳದ ಪರ್‌ಸಲ್ಫೇಟ್ ಅದನ್ನ ಸುಡ್ತದ.

ಈಗ ಅದರ ದೊಡ್ಡ ತೊಂದ್ರಿ. ಪಾಲಿಅನಿಲಿನ್ ಕರೆಂಟ್ ಹರಿಸೋದು ಆಸಿಡ್‌ನಾಗ ಮಾತ್ರ, ಹಸಿರು ಇದ್ದಾಗ ಮಾತ್ರ. ಪಿಎಚ್ 4 ದಾಟಿತಂದ್ರ ಪ್ರೋಟಾನ್ ಬಿಟ್ಟುಕೊಟ್ಟು ನೀಲಿ ಆಗ್ತಾ ಹೋಗ್ತದ, ಕರೆಂಟ್ ನಿಲ್ತದ. ರಕ್ತದ ಪಿಎಚ್ 7.4, ಗ್ಲೂಕೋಸ್ ಆಕ್ಸಿಡೇಸ್‌ಗೆ ಛಲೋ ಆಗೋದು 5.5ರ ಸುತ್ತ. ಅಂದ್ರ ಎಂಜೈಮ್ ಖುಷಿಯಾಗಿ ಕೆಲಸ ಮಾಡೋ ಜಾಗಾದಾಗ ಈ ಪಾಲಿಮರ್ ಮಲಗಿರ್ತದ. ಇದಕ್ಕ ದಾರಿ ಅದ. ಹೈಡ್ರೋಕ್ಲೋರಿಕ್ ಆಸಿಡ್‌ನಂಥಾ ಸಣ್ಣ ಡೋಪಂಟ್ ಬಿಟ್ಟು ಪಾಲಿಸ್ಟೈರಿನ್ ಸಲ್ಫೋನೇಟ್‌ನಂಥಾ ಉದ್ದ ಸರಪಳಿ ಹಾಕಿದ್ರ ಅದು ಹೊರಗ ಓಡಿಹೋಗಂಗಿಲ್ಲ, ಇಲ್ಲಾ ಸರಪಳಿಗೇ ಸಲ್ಫೋನಿಕ್ ಗುಂಪು ಕಟ್ಟಿದ್ರ ನ್ಯೂಟ್ರಲ್ ಪಿಎಚ್‌ನಾಗೂ ಒಂದಿಷ್ಟು ಜೀವ ಉಳೀತದ. ನಿಮ್ಮ ಕಣದಾಗ ಆ ಜೀವ ಅದನೋ ಇಲ್ಲೋ ತಿಳ್ಕೊಳ್ಳೋದು ಸರಳ: ಎಂಜೈಮ್ ತರೋ ಮೊದಲೇ, ಬರೇ ಕಣ ಹಾಕಿದ ಇಲೆಕ್ಟ್ರೋಡ್‌ನ ಪಿಎಚ್ 7 ಫಾಸ್ಫೇಟ್ ಬಫರ್‌ನಾಗ ಇಟ್ಟು 50 ಸೈಕಲ್ ಸಿವಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ನೋಡೋ ಸೈಕ್ಲಿಕ್ ವೋಲ್ಟಾಮೆಟ್ರಿ) ಓಡಿಸ್ರಿ. ಪೀಕ್ ಉಳೀತಂದ್ರ ಮುಂದ ಹೋಗ್ರಿ, ಸಪಾಟ್ ಆಯ್ತಂದ್ರ ಅಲ್ಲೇ ನಿಲ್ರಿ. ಇದಕ್ಕ ಒಂದು ಮಧ್ಯಾಹ್ನ ಹೋಗ್ತದ, ಆದ್ರ ಎಂಜೈಮ್ ವೈಲ್ ತುಟ್ಟಿ ಇರ್ತದ, ಅದು ಉಳೀತದ.

ಪಾಲಿಪಿರೋಲ್

ಇಲೆಕ್ಟ್ರೋಡ್ ಮ್ಯಾಲ ವೋಲ್ಟೇಜ್ ಕೊಟ್ಟು ಬೆಳೆಸಿದ್ರ ಇದು ನ್ಯೂಟ್ರಲ್ ನೀರಿನಾಗೇ ತಯಾರಾಗ್ತದ, ನ್ಯೂಟ್ರಲ್ ಬಫರ್‌ನಾಗೂ ಕೆಲಸ ಮಾಡ್ತದ, ಹಂಗಾಗಿ ಎಂಜೈಮ್ ಜೋಡಿ ಇದರ ಸಂಬಂಧ ಹಳೇದು. ಕಣ ಮಾಡಾಕ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ಕಣ ಅಂಟದಂಗ ಹಿಡಿಯೋದು) ಕರಗಿಸಿದ ನೀರಿನಾಗ ಫೆರಿಕ್ ಕ್ಲೋರೈಡ್ ಹಾಕಿ ಪಿರೋಲ್ ಬಿಡ್ತಾರ, ಕರ್ರಗ ಆಗ್ತದ, ದುಂಡಗಿನ ಕಣ ಬರ್ತಾವ. ಪಿರೋಲ್ ಡಿಸ್ಟಿಲ್ ಮಾಡಿ, ತಂಪು ಕತ್ತಲಿನಾಗ ಇಡ್ರಿ, ಗಾಳಿ ಬೆಳಕು ಹತ್ತಿದ್ರ ತಾನೇ ಕಪ್ಪಾಗ್ತದ. ಕಬ್ಬಿಣ ಪೂರಾ ತೊಳೀರಿ. ಉಳದ ಕಬ್ಬಿಣ ಪೆರಾಕ್ಸೈಡ್ ಜೋಡಿ ತಾನೇ ರಿಯಾಕ್ಟ್ ಮಾಡ್ತದ, ಎಂಜೈಮ್ ಕೊಟ್ಟ ಸಿಗ್ನಲ್ ಯಾವುದು ಕಬ್ಬಿಣ ಕೊಟ್ಟದ್ದು ಯಾವುದು ತಿಳಿಯಂಗಿಲ್ಲ.

ಇದರ ವೈರಿ ಅಂದ್ರ ಹೈಡ್ರೋಜನ್ ಪೆರಾಕ್ಸೈಡೇ. ಗ್ಲೂಕೋಸ್ ಆಕ್ಸಿಡೇಸ್ ಸಕ್ರಿ ತಿಂದು ಪೆರಾಕ್ಸೈಡ್ ಬಿಡ್ತದ, ನಾವು ಅಳಿಯೋದೂ ಅದನ್ನೇ, ಆದ್ರ ಅದೇ ಪೆರಾಕ್ಸೈಡ್ ಪಾಲಿಪಿರೋಲ್‌ನ ಕಂಡಕ್ಟಿವಿಟಿಯನ್ನ ನಿಧಾನಕ್ಕ ತಿಂತದ, ಮ್ಯಾಲಿಂದ ಬೆಳ್ಳಿ ಕ್ಲೋರೈಡ್ ರೆಫರೆನ್ಸ್ ಎದುರು 0.6, 0.7 ವೋಲ್ಟ್ ಕೊಟ್ಟಿದ್ರ ಓವರ್‌ಆಕ್ಸಿಡೈಸ್ ಆಗ್ತದ. ಒಂದೇ ಸಲ ಬಳಸಿ ಒಗೆಯೋ ಸ್ಟ್ರಿಪ್‌ಗೆ ಇದು ತೊಂದ್ರಿ ಅಲ್ಲ. ಒಂದು ತಿಂಗಳು ಬಳಸೋ ಇಲೆಕ್ಟ್ರೋಡ್‌ಗೆ ತೊಂದ್ರಿ. ಆದ್ರ ಈ ಓವರ್‌ಆಕ್ಸಿಡೈಸ್ ಆದ ಪದರಕ್ಕೂ ಒಂದು ಉಪಯೋಗ ಅದ, ಇದು ನನಗ ಭಾಳ ಸೇರಿದ ಸಂಗತಿ. ಕರೆಂಟ್ ಹರಿಸಂಗಿಲ್ಲ, ಆದ್ರ ಜರಡಿ ಆಗ್ತದ: ಸಣ್ಣ ಪೆರಾಕ್ಸೈಡ್‌ನ ಒಳಗ ಬಿಡ್ತದ, ಆಸ್ಕಾರ್ಬಿಕ್ ಆಸಿಡ್ ಯೂರಿಕ್ ಆಸಿಡ್‌ನ ಹೊರಗ ತಡೀತದ. ನಮ್ಮ ಬೀದರದ ಬಿದ್ರಿ ಕೆಲಸ ನೋಡಿದವರಿಗೆ ಇದು ಬೇಗ ತಿಳೀತದ. ಕೋಟೆ ಮಣ್ಣು ನವಸಾಗರ ಕೂಡಿಸಿ ಬಿಸಿ ಸಾಮಾನಿಗೆ ತಿಕ್ಕಿದ್ರ ಸತು ಕರ್ರಗ ಆಗ್ತದ, ಬೆಳ್ಳಿ ಹಂಗೇ ಹೊಳೀತದ, ಒಂದೇ ಲೇಪ ಒಂದನ್ನ ಮುಟ್ತದ ಇನ್ನೊಂದನ್ನ ಬಿಡ್ತದ. ಸೆನ್ಸರ್‌ನಾಗ ನಮಗ ಬೇಕಾದ್ದೂ ಅಂಥಾ ಆಯ್ಕಿನೇ.

ಪೆಡಾಟ್

ಪೆಡಾಟ್-ಪಿಎಸ್‌ಎಸ್ ಮಾಡೋ ಕೆಲಸ ಇಲ್ಲ (ಪಿಎಸ್‌ಎಸ್ ಅಂದ್ರ ಮ್ಯಾಲ ಹೇಳಿದ ಪಾಲಿಸ್ಟೈರಿನ್ ಸಲ್ಫೋನೇಟ್), ಬಾಟ್ಲಿನಾಗ ಬರ್ತದ, ಕಡುನೀಲಿ ಇಂಕಿನಂಗ ಇರ್ತದ, ನೀರಿನಾಗ ಸುಮಾರು 1 ಪರ್ಸೆಂಟ್ ಪಾಲಿಮರ್. ಜರ್ಮನಿಯ ಬೇಯರ್ ಕಂಪನಿಯವರು 1980ರ ದಶಕದ ಕಡೀಕ ಇದನ್ನ ಹೊರಗ ತಂದ್ರು. ಮೂರರಾಗ ನ್ಯೂಟ್ರಲ್ ಪಿಎಚ್‌ನಾಗ ಹೆಚ್ಚು ದಿನ ತಡಿಯೋದು ಇದೇ, ಪೆರಾಕ್ಸೈಡ್‌ಗೂ ಪಾಲಿಪಿರೋಲ್‌ಗಿಂತ ಛಲೋ ತಡೀತದ. ತುಟ್ಟಿ ಖರೇ, ಆದ್ರ ಒಂದು ಇಲೆಕ್ಟ್ರೋಡ್‌ಗೆ 5 ಮೈಕ್ರೋಲೀಟರ್ ಹತ್ತದ, ಒಂದು ಸಣ್ಣ ಬಾಟ್ಲಿನಾಗ ಇಡೀ ಬ್ಯಾಚಿನ ಹುಡುಗರ ಪ್ರಾಜೆಕ್ಟ್ ಮುಗೀತದ, ಹಂಚಿಕೊಂಡು ತರಿಸ್ರಿ.

ಎಚ್ಚರ ಇರಬೇಕಾದ್ದು ಮೂರ್ನಾಲ್ಕು ಕಡಿ. ಬಾಟ್ಲಿನಾಗಿನ ದ್ರಾವಣದ ಪಿಎಚ್ 2ರ ಆಸುಪಾಸು, ಎಂಜೈಮ್‌ನ ಅದರಾಗ ನೇರ ಹಾಕಿದ್ರ ಮೊಸರಾಗ್ತದ, ಮೊದಲು ತೆಳು ಅಮೋನಿಯಾ ಹನಿ ಹನಿ ಹಾಕಿ 6ರ ತನಕ ತಂದ್ಕೊಳ್ರಿ, ಕಂಡಕ್ಟಿವಿಟಿ ಜರಾ ಇಳೀತದ, ಇಳೀಲಿ, ಮ್ಯಾಲ ಲೆಕ್ಕ ಹಾಕೀವಲ್ಲ. ಇನ್ನೊಂದು, ಒಣಗಿದ ಪದರ ಬಫರ್‌ನಾಗ ಉಬ್ಬಿ ಸಿಪ್ಪಿ ಎದ್ದಂಗ ಎದ್ದು ಬರ್ತದ. ಅದಕ್ಕ ಜಿಒಪಿಎಸ್ ಅನ್ನೋ ಕ್ರಾಸ್‌ಲಿಂಕರ್ ಒಂದು ಪರ್ಸೆಂಟ್ ಸುಮಾರು ಹಾಕಿ ಬಿಸಿ ಮಾಡ್ತಾರ, ಆ ಬಿಸಿ ಮಾಡೋದು ಎಂಜೈಮ್ ಹಾಕೋ ಮೊದಲು ಮುಗೀಬೇಕು. ಫ್ರೀಜರ್‌ನಾಗ ಇಡಬ್ಯಾಡ್ರಿ, ಒಮ್ಮೆ ಹೆಪ್ಪುಗಟ್ಟಿದ್ರ ಕಣ ಗಂಟಾಗ್ತಾವ, ತಿರುಗಿ ಕರಗಂಗಿಲ್ಲ. ಮತ್ತ ಚಾರ್ಜ್. ಪಿಎಸ್‌ಎಸ್ ಹೆಚ್ಚಿರೋದ್ರಿಂದ ಈ ಕಣ ಮೈನಸ್. ಗ್ಲೂಕೋಸ್ ಆಕ್ಸಿಡೇಸ್‌ನ ಐಸೋಇಲೆಕ್ಟ್ರಿಕ್ ಪಾಯಿಂಟ್ (ಪ್ಲಸ್ ಮೈನಸ್ ಸಮ ಆಗೋ ಪಿಎಚ್) 4.2, ಅಂದ್ರ ಪಿಎಚ್ 7ರಾಗ ಅದೂ ಮೈನಸ್. ಎರಡು ಮೈನಸ್ ಕೂಡಂಗಿಲ್ಲ, ನಡುವ ಕೈಟೋಸಾನ್‌ನಂಥಾ ಪ್ಲಸ್ ಪದರ ಬೇಕು. ಪಾಲಿಪಿರೋಲ್ ಸರಪಳಿ ಪ್ಲಸ್ ಇರೋದ್ರಿಂದ ಅಲ್ಲಿ ಈ ಎಂಜೈಮ್ ತಾನೇ ಹೋಗಿ ಅಂಟ್ತದ. ಪೇಪರ್‌ಗಳಾಗ ಈ ಮಾತು ಒಂದೇ ಸಾಲಿನಾಗ ಮುಗಿಸಿರ್ತಾರ, ಆದ್ರ ಎಂಜೈಮ್ ಬಫರ್‌ನಾಗ ತೊಳದು ಹೋಗಿ ಸಿಗ್ನಲ್ ದಿನಾ ಇಳಿಯೋದಕ್ಕ ನಾನು ಕಂಡಂಗ ಹೆಚ್ಚಿನ ಸಲ ಕಾರಣ ಇದೇ.

ಈಗ ಯಾರಿಗೆ ಯಾವುದು

ಗ್ಲೂಕೋಸ್ ಮಾಡೋರಿಗೆ ಮೊದಲ ಮಾತು: ಡಿಟೆಕ್ಷನ್ ಲಿಮಿಟ್ ಹಿಂದ ಓಡಬ್ಯಾಡ್ರಿ. ಉಪವಾಸದ ಶುಗರ್ 100 ಮಿಲಿಲೀಟರ್‌ಗೆ 126 ಮಿಲಿಗ್ರಾಂ ಅಂದ್ರ 7 ಮಿಲಿಮೋಲಾರ್, ಹೆಚ್ಚಾದವರದು 400 ಅಂದ್ರ 22 ಮಿಲಿಮೋಲಾರ್. ನಿಮ್ಮ ಸೆನ್ಸರ್ ಅರ್ಧ ಮೈಕ್ರೋಮೋಲಾರ್ ಹಿಡೀತದ ಆದ್ರ 1 ಮಿಲಿಮೋಲಾರ್‌ಗೇ ಗ್ರಾಫ್ ಬಾಗ್ತದ ಅಂದ್ರ ಅದು ದವಾಖಾನಿಗೆ ಕೆಲಸಕ್ಕ ಬರಂಗಿಲ್ಲ. ರೇಂಜ್ ಮುಖ್ಯ. ಎರಡನೇದು, 0.6 ವೋಲ್ಟ್‌ನಾಗ ಪೆರಾಕ್ಸೈಡ್ ಅಳೀತೀರಂದ್ರ ಅದೇ ವೋಲ್ಟೇಜ್‌ಗೆ ವಿಟಮಿನ್ ಸಿ, ಯೂರಿಕ್ ಆಸಿಡ್, ಪ್ಯಾರಾಸಿಟಮಾಲ್ ಎಲ್ಲಾ ಕರೆಂಟ್ ಕೊಡ್ತಾವ. ಜ್ವರದ ಗುಳಿಗಿ ತಿಂದ ಮನಷ್ಯಾನ ಶುಗರ್ ಹೆಚ್ಚು ತೋರಿಸೋ ಮೀಟರ್ ಯಾರಿಗೆ ಬೇಕು. ಹಂಗಾಗಿ ಪ್ರಷ್ಯನ್ ಬ್ಲೂ (ಪೆರಾಕ್ಸೈಡ್‌ನ ಕಡಿಮಿ ವೋಲ್ಟೇಜ್‌ನಾಗೇ ಹಿಡಿಯೋ ನೀಲಿ ಬಣ್ಣ) ಹಾಕಿ 0 ವೋಲ್ಟ್ ಹತ್ರ ಅಳೀರಿ, ಇಲ್ಲಾ ಮೀಡಿಯೇಟರ್ (ಎಂಜೈಮ್‌ನಿಂದ ಇಲೆಕ್ಟ್ರೋಡ್‌ಗೆ ಇಲೆಕ್ಟ್ರಾನ್ ಹೊತ್ತು ತರೋ ಮಧ್ಯಸ್ಥ) ಹಾಕ್ರಿ. ನನ್ನ ಆಯ್ಕಿ ಮತ್ತ ಮತ್ತ ಬಳಸೋದಕ್ಕ ಪೆಡಾಟ್ ಜೋಡಿ ಕೈಟೋಸಾನ್, ಒಂದೇ ಸಲದ ಸ್ಟ್ರಿಪ್‌ಗೆ ಪಾಲಿಪಿರೋಲ್ ಕಣ. ಬರೇ ಆಸಿಡ್ ಡೋಪ್ ಪಾಲಿಅನಿಲಿನ್ ಬ್ಯಾಡ.

ಇಲ್ಲೇ ಇನ್ನೊಂದು ಹೇಳ್ಬೇಕು. ಮೀಡಿಯೇಟರ್ ಬ್ಯಾಡ, ನಮ್ಮ ನ್ಯಾನೊಕಣ ಗ್ಲೂಕೋಸ್ ಆಕ್ಸಿಡೇಸ್‌ನಿಂದ ಇಲೆಕ್ಟ್ರಾನ್ ನೇರಾನೇರ ತಗೊಂಡ್ತದ ಅಂತ ಹುಡುಗರು ಬರೀತಾರ, ಸಾಕ್ಷಿಗೆ ಮೈನಸ್ 0.45 ವೋಲ್ಟ್ ಹತ್ರ ಒಂದು ಜೋಡಿ ಪೀಕ್ ತೋರಿಸ್ತಾರ. ಆ ಎಂಜೈಮ್‌ನ ಎಫ್‌ಎಡಿ (ಇಲೆಕ್ಟ್ರಾನ್ ಹಿಡಿಯೋ ಭಾಗ) ಪ್ರೋಟೀನ್ ಒಳಗ ಒಂದು ನ್ಯಾನೊಮೀಟರ್‌ಗಿಂತ ಆಳದಾಗ ಕುಂತದ, ಆ ಪೀಕ್ ಹೆಚ್ಚಾಗಿ ಎಂಜೈಮ್‌ನಿಂದ ಕಳಚಿ ಬಿದ್ದ ಎಫ್‌ಎಡಿದು. 2018ರಾಗ ಬಾರ್ಟ್ಲೆಟ್ ಮತ್ತ ಅಲ್-ಲೊಲಾಜೆ ಕಾರ್ಬನ್ ನ್ಯಾನೊಟ್ಯೂಬ್, ಗ್ರಾಫೀನ್ ಮ್ಯಾಲಿನ ಇಂಥಾ ದಾವೆಗಳನ್ನೆಲ್ಲ ಕೂಡಿಸಿ ನೋಡಿ ಪುರಾವೆ ಇಲ್ಲ ಅಂತ ಹೇಳ್ಯಾರ. ಪರೀಕ್ಷಾ ಮಾಡೋದು ಹಿಂಗ: ದ್ರಾವಣದಾಗ ನೈಟ್ರೋಜನ್ ಹಾಯಿಸಿ ಕರಗಿದ ಆಕ್ಸಿಜನ್‌ನ ಹೊರಗ ಹಾಕ್ರಿ, ಗ್ಲೂಕೋಸ್ ಹಾಕ್ರಿ, ಆಕ್ಸಿಡೇಶನ್ ಕರೆಂಟ್ ಏರಿತೋ ನೋಡ್ರಿ. ಏರಲಿಲ್ಲಂದ್ರ ಆ ಮಾತು ಥೀಸಿಸ್‌ನಾಗ ಬರೀಬ್ಯಾಡ್ರಿ. ಇದು ನಿಯತ್ತಿನ ಪ್ರಶ್ನಿ.

ಹಾಲಿನಾಗ ಯೂರಿಯಾ ನೋಡೋರಿಗೆ ನಾನು ಎರಡನೇ ಯೋಚನಿ ಇಲ್ಲದ ಪಾಲಿಅನಿಲಿನ್ ಅಂತೀನಿ. ಮ್ಯಾಲ ಹೇಳಿದ ತೊಂದ್ರಿನೇ ಇಲ್ಲಿ ಉಪಯೋಗಕ್ಕ ಬರ್ತದ. ಯೂರಿಯೇಸ್ ಯೂರಿಯಾನ ಒಡದು ಅಮೋನಿಯಾ ಮಾಡ್ತದ, ಪಿಎಚ್ ಏರ್ತದ, ಹಸಿರು ಪಾಲಿಅನಿಲಿನ್ ನೀಲಿ ಕಡಿ ಸರೀತದ, ಅದರ ಪೊಟೆನ್ಶಿಯಲ್ ಬದಲಾಗ್ತದ, ಅದನ್ನೇ ಅಳಿಯೋದು. ಕಣ್ಣಿಗೂ ಕಾಣ್ತದ. ಆದ್ರ ಹಾಲು ತಾನೇ ಒಂದು ಬಫರ್, 6.6, 6.7 ಪಿಎಚ್‌ನ ಬಿಡಂಗಿಲ್ಲ ಅಂತ ಹಿಡಕೊಂಡು ಕುಂದರ್ತದ, ಹಂಗಾಗಿ ಹತ್ತು ಪಟ್ಟು ನೀರು ಕೂಡಿಸಿ, ಬಫರ್ 5 ಮಿಲಿಮೋಲಾರ್‌ಗಿಂತ ಕಡಿಮಿ ಇಟ್ಟು ಅಳೀರಿ. ತೆಳ್ಳಗ ಮಾಡಿದ್ರ ಸಿಗ್ನಲ್ ಸಾಕಾಗಂಗಿಲ್ಲ ಅಂತ ಹೆದರಬ್ಯಾಡ್ರಿ. ಹಾಲಿನಾಗ ಯೂರಿಯಾ ಹುಟ್ಟಿನಿಂದಾನೇ ಇರ್ತದ, ಎಫ್‌ಎಸ್‌ಎಸ್‌ಎಐ ಮಿತಿ 700 ಪಿಪಿಎಂ, ಅಂದ್ರ ಹತ್ತಿರ ಹತ್ತಿರ 12 ಮಿಲಿಮೋಲಾರ್, ಹತ್ತು ಪಟ್ಟು ಇಳಿಸಿದ್ರೂ 1 ಮಿಲಿಮೋಲಾರ್ ಮ್ಯಾಲೇ ಉಳೀತದ. ನಮ್ಮ ಕಡಿ ಇನ್ನೊಂದು ತೊಂದ್ರಿ, ಮೇ ತಿಂಗಳಾಗ ಕ್ಯಾನ್ ಬಿಸಲಾಗ ಒಂದು ತಾಸು ನಿಂತ್ರ ಹಾಲು ಹುಳಿ ತಿರುಗಾಕ ಶುರು ಮಾಡ್ತದ, ಪಿಎಚ್ ಇಳೀತದ, ಯೂರಿಯಾ ಹಾಕಿದ ಹಾಲೂ ಸ್ವಚ್ಛ ಅದ ಅಂತ ತೋರಿಸಬಹುದು. ಇದಕ್ಕ ಒಂದೇ ಉಪಾಯ, ಯೂರಿಯೇಸ್ ಇರೋ ಇಲೆಕ್ಟ್ರೋಡ್ ಪಕ್ಕದಾಗ ಯೂರಿಯೇಸ್ ಇಲ್ಲದ ಅಂಥಾದ್ದೇ ಇನ್ನೊಂದು ಇಟ್ಟು ಎರಡರ ಫರಕು ಅಳಿಯೋದು.

ಯಾದಗಿರಿ ಹುಡುಗನ ಕೆಲಸ ಎಲ್ಲಾದಕ್ಕಿಂತ ಕಠಿಣ. ಆರ್ಗನೊಫಾಸ್ಫೇಟ್ ಎಣ್ಣಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಜೈಮ್‌ನ ಕಟ್ಟಿಹಾಕ್ತದ, ಎಷ್ಟು ಕಟ್ಟಿಹಾಕ್ತು ಅನ್ನೋದರಿಂದ ಎಣ್ಣಿ ಎಷ್ಟದ ತಿಳ್ಕೊಳ್ಳೋದು. ಈ ಎಂಜೈಮ್‌ಗೆ ಪಿಎಚ್ 8ರ ಸುತ್ತ ಬೇಕು, ಸಾದಾ ಪಾಲಿಅನಿಲಿನ್ ಅಲ್ಲಿ ಪೂರಾ ಮಲಗ್ತದ, ಪೆಡಾಟೇ ಹಾಕ್ರಿ, ನಾವು ಅಳಿಯೋ ಥಯೋಕೋಲಿನ್ (ಈ ಎಂಜೈಮ್ ಕೆಲಸ ಮಾಡಿದಾಗ ಹೊರಗ ಬರೋದು) ಆಕ್ಸಿಡೈಸ್ ಆಗೋ ವೋಲ್ಟೇಜೂ ಬರೇ ಕಾರ್ಬನ್‌ಗಿಂತ ಇಳೀತದ. ಇಲ್ಲಿ ಎಲ್ಲಾರೂ ಮಾಡೋ ತಪ್ಪು ಎಂಜೈಮ್ ಹೆಚ್ಚು ಸುರಿಯೋದು. ಇನ್‌ಹಿಬಿಷನ್ ಸೆನ್ಸರ್‌ನಾಗ ಎಂಜೈಮ್ ಕಡಿಮಿ ಇದ್ದಷ್ಟೂ ಸೂಕ್ಷ್ಮ, ಯಾಕಂದ್ರ ಸ್ವಲ್ಪೇ ಎಣ್ಣಿ ಬಂದ್ರೂ ಅದರಾಗ ದೊಡ್ಡ ಪಾಲು ಕಟ್ತದ. ಮತ್ತ ಕ್ಲೋರ್‌ಪೈರಿಫಾಸ್‌ನಂಥಾವು ಇದ್ದ ರೂಪದಾಗ ಈ ಎಂಜೈಮ್‌ನ ಜೋರಾಗಿ ಹಿಡಿಯಂಗಿಲ್ಲ, ಅವನ್ನ ಮೊದಲು ಆಕ್ಸಿಡೈಸ್ ಮಾಡಿ ಆಕ್ಸಾನ್ ರೂಪಕ್ಕ ತರಬೇಕು, ಬ್ರೋಮಿನ್ ನೀರಿನಿಂದ ಮಾಡ್ತಾರ, ಆಮ್ಯಾಲ ಉಳದ ಬ್ರೋಮಿನ್ ಪೂರಾ ತಗೀಬೇಕು, ಇಲ್ಲಾಂದ್ರ ಅದೇ ಎಂಜೈಮ್‌ನ ಕೊಲ್ತದ, ನೀವು ಎಣ್ಣಿ ಅದ ಅಂತೀರಿ.

ಎಂಜೈಮ್‌ನ ಕಣಕ್ಕ ಅಂಟಿಸೋದರ ಬಗ್ಗೆ ಭಾಳ ಹೇಳೋದಿಲ್ಲ. ಬರೇ ಅಡ್‌ಸಾರ್ಪ್ಶನ್ ಸರಳ, ಆದ್ರ ತೊಳದು ಹೋಗ್ತದ. ಗ್ಲುಟರಾಲ್ಡಿಹೈಡ್ ಗಟ್ಟಿ ಹಿಡೀತದ, ಜರಾ ಹೆಚ್ಚಾದ್ರ ಎಂಜೈಮ್‌ನ ಕಟ್ಟಿ ಕೊಲ್ತದ, ಬಿಎಸ್‌ಎ ಪ್ರೋಟೀನ್ ಜೋಡಿಗೆ ಹಾಕಿದ್ರ ಆ ಹೊಡೆತ ಅದು ತಗೊಂತದ. ಮೊದಲ ಸಲ ಮಾಡೋರು ಬಿಎಸ್‌ಎ ಗ್ಲುಟರಾಲ್ಡಿಹೈಡ್ ದಾರಿನೇ ಹಿಡೀರಿ. ಇಡಿಸಿ-ಎನ್‌ಎಚ್‌ಎಸ್ (ರಾಸಾಯನಿಕ ಬಂಧದಿಂದ ಅಂಟಿಸೋ ಜೋಡಿ) ಬೇಕಂದ್ರ ಕಣದ ಮ್ಯಾಲ ಕಾರ್ಬಾಕ್ಸಿಲ್ ಗುಂಪು ಇರಬೇಕು, ಈ ಮೂರೂ ಪಾಲಿಮರ್‌ನಾಗ ಅದು ತಾನಾಗಿ ಇರಂಗಿಲ್ಲ.

ಬಿಸಲು, ಕರೆಂಟ್, ನೀರು

ನಮ್ಮ ಕಡಿ 42, 43 ಡಿಗ್ರಿ ಬಿಸಲಿನಾಗ ಕರೆಂಟ್ ಹೋಗ್ತದ. ಒಂದು ಸಲ, ಯಾವ ಲ್ಯಾಬ್ ಅನ್ನೋದು ಬ್ಯಾಡ, ಶುಕ್ರವಾರ ಸಂಜಿ ಹೋದ ಕರೆಂಟ್‌ಗೆ ಫ್ರಿಜ್ ಟ್ರಿಪ್ ಆಗಿ ಸೋಮವಾರ ತನಕ ಬಂದ್ ಇತ್ತು. ಮುಟ್ಟಿ ನೋಡಿದಾಗ ಫ್ರಿಜ್ ಮತ್ತ ತಂಪಿತ್ತು, ಯಾರೋ ಬೆಳಿಗ್ಗೆ ಹಾಕಿದ್ರು, ನನಗ ತಿಳಿಲಿಲ್ಲ. ಅಂಪರೋಮೆಟ್ರಿ (ವೋಲ್ಟೇಜ್ ಒಂದೇ ಇಟ್ಟು ಕರೆಂಟ್ ಅಳಿಯೋದು) ಹಚ್ಚಿ 1 ಮಿಲಿಮೋಲಾರ್ ಗ್ಲೂಕೋಸ್ ಒಂದೊಂದೇ ಹನಿ ಹಾಕಿದ್ರ ಸ್ಕ್ರೀನ್ ಮ್ಯಾಲ ಕರೆಂಟ್ ಮೆಟ್ಲ ಮೆಟ್ಲ ಆಗಿ ಏರಬೇಕು, ಪ್ರತಿ ಹನಿಗೆ ಒಂದು ಚೊಕ್ಕ ಮೆಟ್ಲ. ಆ ದಿನ ಗೆರಿ ಸಪಾಟ್, ಹನಿ ಬಿದ್ದಲ್ಲೆ ಬರೇ ಒಂದು ಸಣ್ಣ ಅಲುಗಾಟ. ನಾನು ಹನ್ನೊಂದು ದಿನ ಪಾಲಿಮರ್ ತಪ್ಪಂತ ಹೊಸ ಹೊಸ ಕಣ ಮಾಡಿದೆ. ಕಡೀಕ ಎಂಜೈಮ್‌ನ ಬ್ಯಾರೆಯಾಗಿ ಕಲರ್ ಟೆಸ್ಟ್ ಮಾಡಿದಾಗ ಅದು ಸತ್ತಿತ್ತು. ಅವತ್ತಿನಿಂದ ಪ್ರತಿ ಬ್ಯಾಚಿಗೂ ಮೊದಲು ಎಂಜೈಮ್ ಜೀವಂತ ಅದನೋ ನೋಡ್ತೀನಿ, ಪುಡಿಯನ್ನ ಸಣ್ಣ ಸಣ್ಣ ವೈಲ್ ಮಾಡಿ ಮೈನಸ್ 20ರಾಗ ಇಡ್ತೀನಿ, ಒಂದು ದಿನಕ್ಕ ಒಂದೇ ವೈಲ್ ತಗೀತೀನಿ. ಇಲೆಕ್ಟ್ರೋಡ್ ಒಣಗಿಸಿ ಇಡಬೇಕಿದ್ರ ಟ್ರೆಹಲೋಸ್ ಸಕ್ರಿ ಕೂಡಿಸ್ರಿ, ಒಣಗಿದಾಗ ಪ್ರೋಟೀನ್ ಆಕಾರ ಹಿಡಕೊಂಡಿರ್ತದ.

ಬಿಸಲಿನದು ಇನ್ನೊಂದು ಲೆಕ್ಕ ಅದ, ಇದನ್ನ ಭಾಳ ಮಂದಿ ಮರೀತಾರ. ಮೀಡಿಯೇಟರ್ ಇಲ್ಲದ ಗ್ಲೂಕೋಸ್ ಆಕ್ಸಿಡೇಸ್‌ಗೆ ನೀರಿನಾಗಿನ ಆಕ್ಸಿಜನ್ ಬೇಕು. 25 ಡಿಗ್ರಿನಾಗ ಒಂದು ಲೀಟರ್ ನೀರಿನಾಗ ಸುಮಾರು 8.3 ಮಿಲಿಗ್ರಾಂ ಆಕ್ಸಿಜನ್ ಕರಗಿರ್ತದ, 40 ಡಿಗ್ರಿನಾಗ 6.4. ಡಿಸೆಂಬರ್‌ನಾಗ ಮಾಡಿದ ಕ್ಯಾಲಿಬ್ರೇಶನ್ ಮೇದಾಗ ನಡಿಯಂಗಿಲ್ಲ, ಸ್ಯಾಂಪಲ್ ಅಳಿಯೋ ದಿನಾನೇ, ಅದೇ ಬಿಸಿನಾಗ, ಸ್ಟ್ಯಾಂಡರ್ಡ್ ಹಾಕ್ರಿ. ನೀರೂ ಹಂಗೇ, ಬೋರಿನ ನೀರಿನಾಗ ಉಪ್ಪು ಸುಣ್ಣ ಜಾಸ್ತಿ, ಡಿಸ್ಟಿಲ್ಡ್ ಅಂತ ಹಳೇ ಕ್ಯಾನ್‌ನಾಗ ಇಟ್ಟ ನೀರಿನ ಕಂಡಕ್ಟಿವಿಟಿ ಒಮ್ಮೆ ಮೀಟರ್ ಇಟ್ಟು ನೋಡ್ರಿ.

ಇಲೆಕ್ಟ್ರೋಡ್‌ಗೆ ರೊಕ್ಕ ಇಲ್ಲಂದ್ರ ಪೆನ್ಸಿಲ್ ಕಡ್ಡಿ ಛಲೋ ನಡೀತದ, ಒಂದೇ ಬ್ರ್ಯಾಂಡ್ ಒಂದೇ ಗ್ರೇಡ್ ಇಟ್ಕೊಳ್ರಿ. ಗ್ಲಾಸಿ ಕಾರ್ಬನ್ ಇದ್ರ 1, 0.3, 0.05 ಮೈಕ್ರಾನ್ ಅಲ್ಯುಮಿನಾದಾಗ ಸಾಲಾಗಿ ಪಾಲಿಶ್ ಮಾಡ್ರಿ. ಹನಿ ಹಾಕಿ ಒಣಗಿಸುವಾಗ ಫ್ಯಾನ್ ಬಂದ್ ಮಾಡ್ರಿ, ಮ್ಯಾಲ ಒಂದು ಬೀಕರ್ ಬೋರಲ ಹಾಕ್ರಿ. ನಮ್ಮ ಒಣ ಗಾಳಿಗೆ 5 ಮೈಕ್ರೋಲೀಟರ್ ಹನಿ ಎರಡು ನಿಮಿಷದಾಗ ಒಣಗಿ ಕಣೆಲ್ಲಾ ಅಂಚಿಗೆ ಹೋಗಿ ಬಳಿ ಹಾಕಿದಂಗ ಕೂಡ್ತಾವ, ನಡುವ ಬಯಲು ಉಳೀತದ.

ಆರ್ಡರ್ ಹಾಕೋ ಮೊದಲು ನನ್ನ ಮಾತು ಕೇಳೋದಿದ್ರ, ಪಾಲಿಮರ್ ಯಾವುದೇ ಇರಲಿ, ಐದು ಇಲೆಕ್ಟ್ರೋಡ್ ಎಂಜೈಮ್ ಹಾಕಿದ್ದು ಐದು ಎಂಜೈಮ್ ಬದಲಿಗೆ ಅಷ್ಟೇ ಬಿಎಸ್‌ಎ ಹಾಕಿದ್ದು ಮಾಡ್ರಿ, ಎರಡಕ್ಕೂ ಸ್ಯಾಂಪಲ್ ತೋರಿಸ್ರಿ. ಬೀದರದ ಹುಡುಗಿ ಹೋದ ವಾರ ಫೋಟೊ ಕಳಿಸ್ಯಾಳ, ಹಾಲಿನಾಗ ಒಂದು ಸಾಲು ನೀಲಿಗೆ ತಿರುಗ್ಯದ, ಪಕ್ಕದ ಸಾಲು ಹಸಿರೇ ಉಳದದ.